ಭಾವನ ಪಟ್ಟಿಯೊಳಗೆ ನಾನು ಹೊಲಿದ ತಾಮ್ರದ ತಂತಿ

ಓದುವ ಎಲ್ಲರಿಗೂ ನಮಸ್ಕಾರ. ನಾನು ಒಂದೊಂದೇ ಅಕ್ಷರ ಹುಡುಕಿ ಒತ್ತುವವನು. ಒತ್ತಕ್ಷರ ಬಂದ ಕಡೆಯೆಲ್ಲ ಬೆರಳು ನಿಂತುಬಿಡುತ್ತದೆ. ತಪ್ಪು ಕಂಡರೆ ಹೊಟ್ಟೆಗೆ ಹಾಕಿಕೊಳ್ಳಿ. ಈ ಕ್ಷಮೆ ಕೇಳುತ್ತಿರುವುದು ಅಕ್ಷರದ ತಪ್ಪಿಗೆ ಮಾತ್ರ. ಇನ್ನೊಂದು ತಪ್ಪಿಗೆ ನಿಮ್ಮನ್ನು ಕೇಳಿ ಪ್ರಯೋಜನವಿಲ್ಲ.

ಆ ಇನ್ನೊಂದು ಇದು: ನನ್ನ ಅಕ್ಕನ ಗಂಡ ಎರ್ರಿಸ್ವಾಮಿಯ ಎಡಗಾಲನ್ನು ಹಾಳು ಮಾಡಿದವನು ನಾನು. ಊರಿಗೆಲ್ಲ ಗೊತ್ತಿರುವುದು ಬೇರೆ — ಅತಿಬುದ್ಧಿ ತೋರಿಸಲು ಹೋಗಿ ಇಂಡಕ್ಷನ್ ಒಲೆಗೆ ಕಾಲು ಕೊಟ್ಟು ತಾನೇ ಸುಟ್ಟುಕೊಂಡ ಅಂತ. ಅದು ಅರ್ಧ ನಿಜ. ಉಳಿದ ಅರ್ಧವನ್ನು ನಾಲ್ಕು ವರ್ಷ ನಾನು ಬಚ್ಚಿಟ್ಟುಕೊಂಡಿದ್ದೆ.

ಮೊದಲೇ ಹೇಳಿಬಿಡುತ್ತೇನೆ, ಭಾವ ಒಳ್ಳೆಯವನಲ್ಲ. ಆಗಲೂ ಅಲ್ಲ, ಈಗಲೂ ಅಲ್ಲ. ಎದುರಿಗೆ ಇವತ್ತಿಗೂ ‘ರೀ’ ಹಚ್ಚಿಯೇ ಮಾತಾಡುತ್ತೇನೆ. ಮನಸ್ಸಿನಲ್ಲಿ ಯಾವತ್ತೂ ಏಕವಚನವೇ. ಇಲ್ಲಿ ಮನಸ್ಸಿನಲ್ಲಿ ಇದ್ದ ಹಾಗೆಯೇ ಬರೆಯುತ್ತೇನೆ. ಇಲ್ಲದಿದ್ದರೆ ಇದೂ ಒಂದು ನಾಟಕ ಆಗುತ್ತದೆ.

ಹೊಸಪೇಟೆಯಲ್ಲಿ ಅವನದು ಮೋಟಾರ್ ವೈಂಡಿಂಗ್ ಅಂಗಡಿ. ಕಂಪ್ಲಿ ಕಡೆಯ ಗದ್ದೆಗಳ ಪಂಪು, ಸಂಡೂರು ಕಡೆಯ ಕ್ರಷರ್ ಮೋಟಾರು — ಸುಟ್ಟದ್ದೆಲ್ಲ ನಮ್ಮಲ್ಲಿಗೆ ಬರುತ್ತದೆ. ಕರಕಲಾದ ತಂತಿ ಕಿತ್ತು, ಹೊಸ ತಾಮ್ರದ ತಂತಿ ಸುತ್ತಿ, ಕಾಟನ್ ಟೇಪಿನಿಂದ ಬಿಗಿದು, ವಾರ್ನಿಶ್ ಹಾಕಿ ಒಣಗಿಸಿ ಕೊಡುವುದು ಕೆಲಸ. ಐದನೇ ಕ್ಲಾಸಿನಲ್ಲಿದ್ದ ನನ್ನನ್ನು ಶಾಲೆ ಬಿಡಿಸಿ ಅಲ್ಲಿ ಕೂರಿಸಿದವನು ಭಾವ. ನಮ್ಮಪ್ಪ ತೀರಿಕೊಂಡ ವರ್ಷ ಅದು. “ಓದಿ ಏನ್ ಕಡದು ಗುಡ್ಡೆ ಹಾಕ್ತಿಲೇ? ಕುಂದ್ರು, ತಂತಿ ಹಿಡಿ” ಅಂದ. ಹಿಡಿದೆ.

ಕೆಲಸ ಕಲಿಸಿದ, ಇಲ್ಲ ಅನ್ನುವುದಿಲ್ಲ. ಆದರೆ ಪ್ರತಿ ಪಾಠಕ್ಕೂ ಒಂದು ಏಟು. ಒಮ್ಮೆ ನಾನು ಸುತ್ತಿದ ಮೋಟಾರು ತಿರುಗದೆ ಬರೀ ಬಿಸಿಯಾಗಿ ಹೊಗೆ ಬಂತು. ಬಿಚ್ಚಿ ನೋಡಿದರೆ ಒಂದೇ ಒಂದು ಸುತ್ತಿನ ಮೇಲ್ಪದರ ಉಜ್ಜಿಹೋಗಿ, ಆ ಸುತ್ತು ತನ್ನ ತುದಿಗೆ ತಾನೇ ಕೂಡಿಕೊಂಡು ಬಳೆಯ ಹಾಗೆ ಆಗಿತ್ತು. ನನ್ನ ಕಿವಿ ಹಿಂಡುತ್ತಲೇ ಹೇಳಿದ: “ಒಂದ ಸುತ್ತು ತನ್ನಷ್ಟಕ್ಕ ತಾನ ಕೂಡಿಕಂಡ್ರ ಸಾಕಲೇ. ಉಳದ ಕಾಯಿಲ್ ಕೊಟ್ಟಿದ್ದನ್ನೆಲ್ಲಾ ಅದಾ ತಿಂತೈತಿ. ಕೆಲಸಕ್ಕ ಏನೂ ಉಳಿಯಂಗಿಲ್ಲ.”

ಕಿವಿ ಎರಡು ದಿನ ಉರಿಯಿತು. ಪಾಠ ಮರೆಯಲಿಲ್ಲ.

ಅವನ ಕಾಲಿನ ಕತೆ ಶುರುವಾಗಿದ್ದು ಕಂಪ್ಲಿಯ ಹೊಳೆ ದಂಡೆಯಲ್ಲಿ. ಪಂಪ್‌ಹೌಸಿನಿಂದ ಮೋಟಾರು ಮೇಲೆತ್ತುವಾಗ ಸರಪಳಿ ಜಾರಿ ಅವನ ಎಡಗಾಲಿನ ಮೇಲೆ ಬಿತ್ತು. ಮೂಳೆ ಮೂರು ತಿಂಗಳಿಗೆ ಕೂಡಿತು. ನರ ಕೂಡಲಿಲ್ಲ. ಮೊಣಕಾಲಿನಿಂದ ಕೆಳಗೆ ಹಗಲೂ ರಾತ್ರಿ ಕೆಂಡದ ಉರಿ. ಫ್ಯಾನಿನ ಗಾಳಿ ಬಡಿದರೆ ಕಿರುಚುತ್ತಿದ್ದ. ಹೊದಿಕೆ ಕಾಲಿಗೆ ತಾಕದ ಹಾಗೆ ಅಕ್ಕ ಗಂಗಮ್ಮ ಮಂಚದ ಕೆಳತುದಿಗೆ ಎರಡು ಸ್ಟೂಲು ಇಟ್ಟು ಅದರ ಮೇಲೆ ಎಳೆದು ಹೊದಿಸುತ್ತಿದ್ದಳು. ಹೀಗೆ ಒಂದೂವರೆ ವರ್ಷ.

ಆ ಒಂದೂವರೆ ವರ್ಷ ಅಂಗಡಿ ನಡೆಸಿದವನು ನಾನು. ಗಿರಾಕಿಗಳು ನನ್ನನ್ನು ‘ಮೇಸ್ತ್ರಿ’ ಅನ್ನತೊಡಗಿದರು. ಮೊದಲ ಸಲ ಯಾರೋ ಹಾಗೆ ಕರೆದಾಗ ತಿರುಗಿ ಹಿಂದೆ ನೋಡಿದ್ದೆ, ಭಾವ ಬಂದನೇನೋ ಅಂತ. ಸಂಜೆ ಬೇಗ ಬಾಗಿಲು ಹಾಕಿ ಟ್ಯೂಷನ್ನಿಗೆ ಹೋಗಲು ಶುರು ಮಾಡಿದೆ. ಮೂವತ್ತಾರನೇ ವಯಸ್ಸಿನಲ್ಲಿ ಖಾಸಗಿಯಾಗಿ ಎಸ್ಸೆಸ್ಸೆಲ್ಸಿ ಕಟ್ಟಿದೆ. ಅವನು ಮಂಚದ ಮೇಲೆ ನರಳುತ್ತಿದ್ದ ಆ ದಿನಗಳೇ ನನ್ನ ಜೀವನದಲ್ಲಿ ನಾನು ಸುಖವಾಗಿದ್ದ ದಿನಗಳು — ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಸುಳ್ಳಲ್ಲ.

ಆಮೇಲೆ ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಇಂಥ ನೋವಿಗೆ ಹೊಸ ಸಾಧನವೊಂದನ್ನು ಕೆಲವೇ ರೋಗಿಗಳ ಮೇಲೆ ಪರೀಕ್ಷಿಸುತ್ತಿದ್ದಾರೆ ಅಂತ ಗೊತ್ತಾಯಿತು. ಭಾವನನ್ನು ಸೇರಿಸಿಕೊಂಡರು. ಮೊಣಕಾಲಿನ ಹಿಂದೆ ಸಣ್ಣದಾಗಿ ಕೊಯ್ದು, ನರದ ಪಕ್ಕಕ್ಕೆ ಅಕ್ಕಿ ಕಾಳಿನಷ್ಟು ಒಂದು ಚೂರು ಇಟ್ಟು ಹೊಲಿದರು. ಅದಕ್ಕೆ ಬ್ಯಾಟರಿ ಇಲ್ಲ, ಹೊರಗೆ ಬರುವ ತಂತಿ ಇಲ್ಲ. ಮೊಣಕಾಲಿಗೆ ಮೇಲಿನಿಂದ ಒಂದು ಪಟ್ಟಿ ಕಟ್ಟಿಕೊಳ್ಳಬೇಕು. ಪಟ್ಟಿಯೊಳಗೆ ಒಂದು ಕಾಯಿಲ್, ಸೊಂಟದಲ್ಲಿ ಅದರ ಬ್ಯಾಟರಿ ಡಬ್ಬಿ. ಡಬ್ಬಿ ಚಾಲೂ ಮಾಡಿದರೆ ಕಾಯಿಲ್ ಸುತ್ತ ಆಯಸ್ಕಾಂತದ ಬಲ ಹುಟ್ಟುತ್ತದೆ, ಅದು ಚರ್ಮ ದಾಟಿ ಒಳಗಿನ ಕಾಳಿಗೆ ಕರೆಂಟು ಹುಟ್ಟಿಸುತ್ತದೆ. ಕಾಳು ನರವನ್ನು ಮೆಲ್ಲಗೆ ತಟ್ಟುತ್ತಾ ಇರುತ್ತದೆ. ತಟ್ಟುತ್ತಿರುವಾಗ ಉರಿ ಗೊತ್ತಾಗುವುದಿಲ್ಲ.

ಅಲ್ಲಿನ ಇಂಜಿನಿಯರ್ ಮೇಡಂ ಚಿತ್ರ ಬರೆದು ಇದನ್ನು ಹೇಳಲು ಹೊರಟರೆ ಭಾವ ಅರ್ಧಕ್ಕೇ ತಡೆದ. “ಅಂದ್ರ ಟ್ರಾನ್ಸ್‌ಫಾರ್ಮರ್ ಅನ್ರಿ ಮೇಡಂ. ಪ್ರೈಮರಿ ಹೊರಗ, ಸೆಕೆಂಡರಿ ಮಾಂಸದಾಗ.” ಆಕೆ ನಕ್ಕರು. “ಹೌದು, ಅಷ್ಟೇ. ನನ್ನ ವಿದ್ಯಾರ್ಥಿಗಳಿಗೆ ಇದು ಇಷ್ಟು ಬೇಗ ತಿಳಿಯೋದಿಲ್ಲ” ಅಂದರು. ಆ ಮಾತನ್ನು ಊರಿಗೆ ಬಂದು ನೂರು ಜನಕ್ಕೆ ಹೇಳಿದ.

ಮೊದಲ ದಿನ ಡಬ್ಬಿ ಚಾಲೂ ಮಾಡಿದಾಗ ನಾನೂ ಅಲ್ಲಿದ್ದೆ. ಅವನು ಉಸಿರು ಬಿಗಿಹಿಡಿದು ಕಾಲನ್ನೇ ನೋಡುತ್ತಾ ಕೂತ. “ಜುಂ ಅಂತೈತಿ” ಅಂದ. ಸ್ವಲ್ಪ ಹೊತ್ತಿನ ಮೇಲೆ ಪಕ್ಕದಲ್ಲಿದ್ದ ಹೊದಿಕೆಯನ್ನು ತಾನೇ ಎಳೆದು ಪಾದದ ಮೇಲೆ ಹಾಕಿಕೊಂಡ. ಅಕ್ಕ ಬಾಯಿಗೆ ಸೆರಗು ಒತ್ತಿಕೊಂಡು ಹೊರಗೆ ಹೋದಳು.

ಮನೆಗೆ ಕಳಿಸುವಾಗ ಕನ್ನಡದಲ್ಲಿ ಅಚ್ಚು ಹಾಕಿದ ಒಂದು ಹಾಳೆ ಕೊಟ್ಟರು. ವೆಲ್ಡಿಂಗ್ ಮಷೀನು, ಚಾಲೂ ಇರುವ ದೊಡ್ಡ ಮೋಟಾರು, ಇಂಡಕ್ಷನ್ ಒಲೆ, ಇವುಗಳ ಹತ್ತಿರ ಕಾಲು ಒಯ್ಯಬಾರದು. ಅವುಗಳ ಬಲ ಒಳಗಿನ ಸಾಧನಕ್ಕೆ ಮಿತಿಮೀರಿ ಹೋದರೆ ನರಕ್ಕೆ ಅಪಾಯ ಅಂತ. ಭಾವನಿಗೆ ಕನ್ನಡಕ ಸಿಗಲಿಲ್ಲ. ಗಟ್ಟಿಯಾಗಿ ಓದಿ ಹೇಳಿದವನು ನಾನು. ಎರಡು ಸಲ ಓದಿದೆ.

ಭಾವ ಅಂಗಡಿಗೆ ವಾಪಸ್ ಬಂದ. ಮೋಟಾರುಗಳಿಂದ ದೂರ, ಬಾಗಿಲ ಬಳಿ ಒಂದು ಕುರ್ಚಿ ಹಾಕಿಸಿಕೊಂಡು ಕೂತ. ಕೈ ಕೆಲಸ ಮಾಡುವಂತಿರಲಿಲ್ಲ; ಬಾಯಿ ಕೆಲಸ ಎರಡರಷ್ಟಾಯಿತು. ನಾನು ಮತ್ತೆ ‘ಲೇ ಹುಲುಗ್ಯಾ’ ಆದೆ. ಊಟದ ಹೊತ್ತಿನಲ್ಲಿ ಗಣಿತದ ಪುಸ್ತಕ ತೆಗೆದರೆ ಗಿರಾಕಿಗಳ ಮುಂದೆಯೇ ಶುರು ಮಾಡುತ್ತಿದ್ದ: “ನೋಡ್ರಪಾ, ನಮ್ಮ ಹುಲುಗಪ್ಪ ಮೇಷ್ಟ್ರು. ಮೀಸಿ ಬೆಳ್ಳಗಾದ ಮ್ಯಾಲೆ ಬೀಜಗಣಿತ ಓದಾಕತ್ತಾರ. ಏನ್ರಿ ಮೇಷ್ಟ್ರೇ, ಬೀಜಗಣಿತ ಬಂದು ಕಾಯಿಲ್ ಸುತ್ತಿ ಕೊಡ್ತೈತೇನು?” ಅವರು ನಗುತ್ತಿದ್ದರು. ನಾನೂ ನಗುತ್ತಿದ್ದೆ. ಒಮ್ಮೆ ನನ್ನ ನೋಟ್‌ಬುಕ್ಕಿನ ಹಾಳೆ ಹರಿದು ಗ್ರೀಸ್ ಒರೆಸಿದ — ಲೆಕ್ಕ ಮಾಡಿದ ಹಾಳೆ.

ಗಣಿತ ಪರೀಕ್ಷೆಯ ದಿನ ಬೆಳಿಗ್ಗೆ ಹಾಲ್ ಟಿಕೆಟ್ ಜೇಬಿನಲ್ಲಿಟ್ಟುಕೊಂಡು ಅಂಗಡಿ ಬಾಗಿಲು ತೆಗೆಯಲು ಹೋದೆ. ಭಾವ ಆಗಲೇ ಫೋನಿನಲ್ಲಿದ್ದ. ಇಟ್ಟವನೇ, “ಎಮ್ಮಿಗನೂರಾಗ ಮೋಟಾರ್ ನಿಂತೈತಂತ. ನಡಿ” ಅಂದ.

“ಭಾವ, ಇವತ್ತು ಗಣಿತ ಐತ್ರಿ.”

“ಅಲ್ಲಿ ನೆಲ್ಲು ಒಣಗಾಕತ್ತೈತಿ. ನಿನ್ನ ಗಣಿತ ಮುಂದಿನ ವರ್ಷನೂ ಇರ್ತೈತಿ, ನೆಲ್ಲು ಇರಂಗಿಲ್ಲ.”

“ಬ್ಯಾರೆ ಯಾರನ್ನಾರ…”

“ಬ್ಯಾರೆ ಯಾರನ್ನ? ನಿಂಗ ಅನ್ನ ಹಾಕಿದ್ದು ನಿನ್ನ ಸಾಲಿ ಏನಲೇ? ನಡಿ ಅಂದ್ರ ನಡಿಬೇಕು.”

ಒಲ್ಲೆ ಅನ್ನಬಹುದಿತ್ತು. ಮೂವತ್ತಾರು ವರ್ಷದ ಗಂಡಸು ನಾನು. ಕೈಕಾಲು ಕಟ್ಟಿ ಯಾರೂ ಕಳಿಸಲಿಲ್ಲ. ಬೈಕಿನ ಹಿಂದೆ ಸಾಮಾನಿನ ಡಬ್ಬಿ ಕಟ್ಟಿಕೊಂಡು ಹೋದೆ, ಮಧ್ಯಾಹ್ನದವರೆಗೆ ಕೆಸರಿನಲ್ಲಿ ಕೂತು ಮೋಟಾರು ಚಾಲೂ ಮಾಡಿದೆ. ನೀರು ಬಂದಾಗ ಆ ರೈತ ನನಗೆ ಕೈ ಮುಗಿದ. ಅವನ ಮುಖ ನೋಡಲಾಗದೆ ಬಂದುಬಿಟ್ಟೆ. ಬರುವ ದಾರಿಯಲ್ಲಿ ಒಂದು ಶಾಲೆಯ ಮುಂದೆ ಪರೀಕ್ಷೆ ಮುಗಿಸಿದವರು ಗುಂಪುಗುಂಪಾಗಿ ನಿಂತು ಉತ್ತರ ತಾಳೆ ನೋಡುತ್ತಿದ್ದರು. ಹಾಲ್ ಟಿಕೆಟ್ ಬೆವರಿಗೆ ನೆನೆದು ನನ್ನ ಫೋಟೋದ ಮೇಲಿನ ಮುದ್ರೆ ಅಂಗಿಗೆ ಅಂಟಿತ್ತು.

ಆ ಸಂಜೆಯೇ ಅಕ್ಕ ಪಟ್ಟಿಯ ಗವುಸು ತಂದು ಕೊಟ್ಟಳು. ಗವುಸು ಅಂದರೆ ಕಾಯಿಲ್ ಇಟ್ಟು ಕಟ್ಟಿಕೊಳ್ಳುವ ಬಟ್ಟೆಯ ಚೀಲ. ಒಗೆಯಲು ಬೇರೆ ತೆಗೆಯಬಹುದು. ಅಂಚು ಬಿಚ್ಚಿತ್ತು. “ದರ್ಜಿ ಕಡೆ ಬ್ಯಾಡ, ನೀನಾ ಹೊಲಿ ತಮ್ಮಾ. ನಿನ್ನ ಕೈಯಾಗ ಗಟ್ಟಿ ಆಗ್ತೈತಿ” ಅಂದಳು. ಕಾಯಿಲಿಗೆ ಟೇಪು ಬಿಗಿಯುವ ದಪ್ಪ ಸೂಜಿ ನಮ್ಮಲ್ಲಿ ಇರುತ್ತದೆ.

ನಾನು ಸಿಟ್ಟಿನಲ್ಲಿ ಮೈಮರೆತು ಮಾಡಿದೆ ಅಂತ ನೀವು ತಿಳಿಯಬಹುದು. ಅಲ್ಲ. ಬಹಳ ಸಮಾಧಾನದಿಂದ ಮಾಡಿದೆ. ತೆಳು ತಂತಿಯ ಹಲವು ಎಳೆ ಸೇರಿಸಿ, ಗವುಸಿನ ಅಂಚಿನ ಸುತ್ತಳತೆಯಷ್ಟೇ ದೊಡ್ಡ ಒಂದು ಬಳೆ ಮಾಡಿದೆ. ತುದಿಗಳನ್ನು ಕೆರೆದು ಬೆಸುಗೆ ಹಾಕಿದೆ. ಬೆರಳಿಗೆ ಸಿಗದ ಹಾಗೆ ತಟ್ಟಿ ಚಪ್ಪಟೆ ಮಾಡಿದೆ. ಅಂಚಿನ ಮಡಿಕೆಯೊಳಗೆ ಇಟ್ಟು ಹೊಲಿದೆ — ಅಷ್ಟು ಸಾಲಾಗಿ ನಾನು ಯಾವತ್ತೂ ಹೊಲಿದಿರಲಿಲ್ಲ. ಕಾಯಿಲ್ ಮತ್ತು ಚರ್ಮದ ನಡುವೆ, ತನ್ನಷ್ಟಕ್ಕೆ ತಾನು ಕೂಡಿಕೊಂಡ ಒಂದು ಸುತ್ತು. ಕಾಯಿಲ್ ಕೊಟ್ಟದ್ದನ್ನು ಅದೇ ತಿನ್ನಬೇಕು. ಒಳಗಿನ ಕಾಳಿಗೆ ಏನೂ ಉಳಿಯಬಾರದು.

ನಾಲ್ಕು ದಿನ ಅವನು ಮತ್ತೆ ಮಂಚ ಹಿಡಿಯಲಿ, ಅಷ್ಟೇ ಅಂದುಕೊಂಡೆ. ಹಾಗಂತ ನನಗೆ ನಾನೇ ಹೇಳಿಕೊಂಡೆ.

ಮಾರನೆಯ ಬೆಳಿಗ್ಗೆ ಪಟ್ಟಿ ಕಟ್ಟಿಕೊಂಡ. ಡಬ್ಬಿಯ ಮೇಲೆ ಹಸಿರು ದೀಪ ಬರುವ ಜಾಗದಲ್ಲಿ ಕೆಂಪು ಮಿನುಗತೊಡಗಿತು. ಒಳಗಿನಿಂದ ಉತ್ತರ ಬರುತ್ತಿಲ್ಲ ಅಂತ ಅದರ ಅರ್ಥ. ಮಧ್ಯಾಹ್ನದ ಹೊತ್ತಿಗೆ ಉರಿ ಪೂರ್ತಿ ವಾಪಸ್ ಬಂತು. ಆಸ್ಪತ್ರೆಗೆ ಫೋನ್ ಮಾಡಿದರೆ ಮೇಡಂ ಊರಲ್ಲಿ ಇರಲಿಲ್ಲ; ಹತ್ತು ದಿನ ಬಿಟ್ಟು ಬನ್ನಿ, ಅಲ್ಲಿಯವರೆಗೆ ಹಳೆಯ ಮಾತ್ರೆ ತಗೊಳ್ಳಿ, ಏನನ್ನೂ ಬಿಚ್ಚಬೇಡಿ ಅಂದರು.

ಮಂಚದ ಮೇಲಿಂದಲೇ ನನ್ನನ್ನು ಕರೆದ. “ಲೇ, ಮೀಟರ್ ತಗಂಡು ಬಾ. ಪಟ್ಟಿ ಚೆಕ್ ಮಾಡು.”

ಇಪ್ಪತ್ತೈದು ವರ್ಷದಲ್ಲಿ ನಾನು ಚೆಕ್ ಮಾಡಿದ್ದನ್ನು ಅವನು ಮತ್ತೆ ಚೆಕ್ ಮಾಡದೆ ಬಿಟ್ಟಿದ್ದಿಲ್ಲ. ಅವತ್ತು ಕಣ್ಣು ಮುಚ್ಚಿ ಮಲಗಿದ್ದ. ಗವುಸು ತೆಗೆದು ಪಕ್ಕಕ್ಕಿಟ್ಟೆ. ಬರೀ ಕಾಯಿಲಿಗೆ ಮೀಟರ್ ಹಿಡಿದೆ. ಸರಿಯಾಗಿಯೇ ಇತ್ತು, ಇರಲೇಬೇಕಲ್ಲ.

“ಹೊರಗಿಂದು ಸರಿ ಐತ್ರಿ ಭಾವ. ಒಳಗಿಂದಾ ಸುಟ್ಟಂಗ ಕಾಣ್ತೈತಿ.”

ಈ ಒಂದು ಮಾತು. ಅವನು ಕಣ್ಣು ತೆರೆದು ನನ್ನನ್ನು ನೋಡಿದ. ನಂಬಿದ. ನನ್ನ ಕೈಕೆಲಸವನ್ನು ಅವನು ಮೊದಲ ಸಲ ನಂಬಿದ್ದು ಅವತ್ತು.

ಮೂರನೆಯ ದಿನ ಅಕ್ಕ ಯಾರದೋ ಸೀಮಂತಕ್ಕೆ ಅಂತ ಸಂಡೂರಿಗೆ ಹೋಗಿದ್ದಳು. ಭಾವ ಫೋನ್ ಮಾಡಿ ಮನೆಗೆ ಕರೆಸಿದ. ಗೋಡೆ ಹಿಡಿದು ಅಡುಗೆಮನೆಗೆ ಬಂದು ನೆಲದ ಮೇಲೆ ಕೂತಿದ್ದ. ಪಕ್ಕದಲ್ಲಿ ಇಂಡಕ್ಷನ್ ಒಲೆ. ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು, ಕಣ್ಣು ಮಾತ್ರ ಚುರುಕಾಗಿದ್ದವು — ಹೊಸ ಮೋಟಾರಿನ ಗುಟ್ಟು ಹಿಡಿದಾಗ ಇರುವ ಹಾಗೆ.

“ಒಳಗಿಂದು ಸುಟ್ಟಿಲ್ಲಲೇ. ನೀ ಅರ್ಧ ಮೇಸ್ತ್ರಿ, ನಿಂಗ ತಿಳ್ಯಂಗಿಲ್ಲ. ಬ್ಯಾಸಿಗ್ಯಾಗ ಕಂಪ್ಲಿ ಕಡೆ ಓಲ್ಟೇಜ್ ಇಲ್ದ ಮೋಟಾರ್ ಗುಂಯ್ ಅಂತಾವಲ್ಲ, ಹಂಗ. ಸಾಲ್ತಿಲ್ಲ ಅದಕ್ಕ. ಒಂದ್ಸಲ ಜೋರು ಕೊಟ್ರ ಎತ್ತಿಕಂತೈತಿ. ಇದ್ರಾಗೂ ಕಾಯಿಲ್ಲೇ ಅಲ್ಲೇನು ಇರೋದು?”

ನಮ್ಮ ಕಸುಬಿನವರು ಮಾತ್ರ ಮಾಡಬಹುದಾದ ತಪ್ಪು ಅದು. ಬೇರೆ ರೋಗಿ ಮಾತ್ರೆ ನುಂಗಿ ಹತ್ತು ದಿನ ಅಳುತ್ತಿದ್ದ. ವೈಂಡಿಂಗ್ ಮಾಡುವವನಿಗೆ ತನ್ನ ಕಾಲೂ ಒಂದು ಮೋಟಾರು.

ನನಗೆ ಗೊತ್ತಿತ್ತು. ಒಳಗಿನದು ಸುಟ್ಟಿಲ್ಲ, ಬಡಕಲಾಗಿಯೂ ಇಲ್ಲ, ಪೂರ್ತಿ ಜೀವಂತವಾಗಿದೆ ಅಂತ ಈ ಲೋಕದಲ್ಲಿ ಗೊತ್ತಿದ್ದವನು ನಾನೊಬ್ಬನೇ. ಆ ಹಾಳೆ ಓದಿದವನೂ ನಾನೇ. ‘ಬ್ಯಾಡ್ರಿ ಭಾವ’ ಅಂದರೆ ಸಾಕಿತ್ತು. ಯಾಕೆ ಅಂತ ಕೇಳುತ್ತಿದ್ದ — ಅದೇ. ಯಾಕೆ ಅಂತ ಕೇಳುತ್ತಿದ್ದ.

“ಪಾತ್ರಿ ಇಲ್ದ ಚಾಲೂ ಆಗಂಗಿಲ್ಲ ಇದು. ಚಾದ ಪಾತ್ರಿ ಇಡು. ಪೂರ್ತಿ ಮುಚ್ಚಬ್ಯಾಡ, ಎಲ್ಲಾ ಅದಾ ಕುಡೀತೈತಿ. ಅರ್ಧಕ್ಕಿಡು” ಅಂದ. ಪಟ್ಟಿ ಕಳಚಿಟ್ಟು, ಮೊಣಕಾಲಿನ ಹಿಂಬದಿಯನ್ನು ಒಲೆಯ ಅಂಚಿಗೆ ಒತ್ತಿ ಹಿಡಿದ.

“ಇಡಲೇನ್ರಿ?” ಅಂದೆ.

“ಇಡಲೇ.”

ಇಟ್ಟೆ. ಗುಂಡಿ ಒತ್ತಿದೆ. ಅವನ ಕಾಲಿನ ಸ್ನಾಯು ಸೆಟೆದು, ಮೊಣಕಾಲು ಒಲೆಯನ್ನೇ ಅಪ್ಪಿಕೊಂಡಂತೆ ಮಡಚಿತು. ಅವನು ಕೂಗಿದ. ನಾನು ಒಲೆ ಆರಿಸಿದೆ.

ಚರ್ಮದ ಮೇಲೆ ಒಂದು ಗುರುತೂ ಇರಲಿಲ್ಲ. ಒಳಗೆ ಕಾಳು ಕಾದು, ಅದನ್ನು ಅಪ್ಪಿಕೊಂಡಿದ್ದ ನರ ಬೆಂದಿತ್ತು ಅಂತ ಆಮೇಲೆ ಡಾಕ್ಟರು ಹೇಳಿದರು. ಕಾಳನ್ನು ಕೊಯ್ದು ತೆಗೆದರು. ಉರಿ ಹೋಗಲಿಲ್ಲ, ಪಾದದ ಬಲ ಮಾತ್ರ ಹೋಯಿತು. ಈಗ ಹೆಜ್ಜೆ ಎತ್ತಿದರೆ ಪಾದ ಜೋತು ಬೀಳುತ್ತದೆ, ಬೆರಳು ನೆಲ ಕೆರೆಯುತ್ತವೆ. ಪ್ಲಾಸ್ಟಿಕ್ಕಿನ ಒಂದು ಪಟ್ಟೆ ಕಟ್ಟಿಕೊಂಡು ಕಾಲೆಳೆಯುತ್ತಾನೆ.

ಅಕ್ಕ, ಭಾವ ಇಬ್ಬರೂ ಬೆಂಗಳೂರಿನ ಆಸ್ಪತ್ರೆಯಲ್ಲಿ ಇರುವಾಗಲೇ ಪಟ್ಟಿ ಕಳಿಸಿ ಅಂತ ಅಲ್ಲಿಂದ ಕೇಳಿದರು. ನಾನು ಗವುಸಿನ ಹೊಲಿಗೆ ಬಿಚ್ಚಿ, ಬಳೆ ತೆಗೆದು ಗುಜರಿ ತಾಮ್ರದ ಡ್ರಮ್ಮಿಗೆ ಹಾಕಿ, ಮತ್ತೆ ಹೊಲಿದು ಕಳಿಸಿದೆ. ಪಟ್ಟಿ ಸರಿಯಿದೆ ಅಂತ ಅವರು ಬರೆದುಕೊಂಡರು. ಯಾರು ಹೀಗೆ ಮಾಡಲು ಹೇಳಿದ್ದು ಅಂತ ಮೇಡಂ ಕೇಳಿದಾಗ ಭಾವ ಹೇಳಿದನಂತೆ: “ಯಾರೂ ಇಲ್ರಿ, ನಂದಾ ತಲಿ. ಹುಡುಗಂದು ಏನೂ ತಪ್ಪಿಲ್ಲ, ನಾ ಹೇಳಿದ್ದು ಮಾಡ್ಯಾನ.” ಅಕ್ಕ ಇದನ್ನು ನನಗೆ ಹೇಳಿದಾಗ ನನಗೆ ಅವನ ಮೇಲೆ ಇನ್ನಷ್ಟು ಸಿಟ್ಟು ಬಂತು. ನನ್ನನ್ನು ಉಳಿಸಲು ಇವನ್ಯಾರು?

ಅಂಗಡಿಯನ್ನು ನನಗೇ ಬಿಟ್ಟ. ಪ್ರೀತಿಯಿಂದಲ್ಲ. “ನನ್ನ ಲೆಕ್ಕದ ಮ್ಯಾಲೆ ನಂಗಾ ನಂಬಿಕಿ ಹೋಗೈತಿ” ಅಂದ. ಅವತ್ತಿನಿಂದ ತಂತಿ ಮುಟ್ಟಲಿಲ್ಲ. ಬೀದಿಯಲ್ಲಿ ಅವನಿಗೆ ‘ಇಂಡಕ್ಷನ್ ಸ್ವಾಮಿ’ ಅಂತ ಹೆಸರು ಬಿತ್ತು. ಅಕ್ಕನೂ ಬಿಡಲಿಲ್ಲ. ಅನ್ನ ಬಡಿಸುವಾಗ ಒಮ್ಮೆ, ಕಾಲಿಗೆ ಪಟ್ಟೆ ಕಟ್ಟುವಾಗ ಒಮ್ಮೆ — “ಒಲಿಗೆ ಕಾಲು ಕೊಟ್ಟ ಶಾಣ್ಯಾ, ಸಾಯೋತನಕ ನನ್ನ ಕೈಲಿ ಸೇವಾ ಮಾಡಿಸ್ಕ್ಯಾ.” ಅವನು ತಲೆ ತಗ್ಗಿಸಿ ಉಣ್ಣುತ್ತಿದ್ದ. ನಾನು ಎದುರಿಗೆ ಕೂತು ಉಂಡೆ, ನಾಲ್ಕು ವರ್ಷ. ಆ ನಡುವೆ ಎಸ್ಸೆಸ್ಸೆಲ್ಸಿ ಪಾಸಾದೆ. ಹೊಗಳಿದವರಿಗೆಲ್ಲ ಪೇಡೆ ಕೊಟ್ಟೆ, ಅವನಿಗೂ ಕೊಟ್ಟೆ.

ಹೋದ ತಿಂಗಳು ಆ ಆಸ್ಪತ್ರೆಯವರು ಅದೇ ಸಾಧನದ ಹೊಸ ನಮೂನೆಗೆ ಮತ್ತೆ ರೋಗಿಗಳನ್ನು ಸೇರಿಸಿಕೊಳ್ಳುತ್ತಿದ್ದಾರೆ ಅಂತ ಭಾವನಿಗೆ ಹೇಗೋ ತಿಳಿಯಿತು. ಅಂಗಡಿಯ ಬಾಗಿಲಲ್ಲಿ ಕೂತು ಫೋನ್ ಮಾಡಿದ. ಅವನ ಫೋನಿನ ದನಿ ಜೋರು; ಒಳಗೆ ನನಗೆ ಎರಡೂ ಕಡೆಯ ಮಾತು ಕೇಳುತ್ತಿತ್ತು.

“ಮೇಡಂ, ನಾನ್ರಿ, ಹೊಸಪೇಟಿ ಎರ್ರಿಸ್ವಾಮಿ… ಇನ್ನೊಂದ್ಸಲ ನೋಡ್ರಿ ಮೇಡಂ. ಈ ಸಲ ಏನೂ ಮುಟ್ಟಂಗಿಲ್ಲ, ದೇವ್ರಾಣಿ. ಬೇಕಾದ್ರ ಮನ್ಯಾಗಿನ ಒಲಿ ಮಾರಿಬಿಡ್ತೀನಿ.”

ಆ ಕಡೆಯಿಂದ ಆಕೆ ಸಮಾಧಾನದಿಂದಲೇ ಹೇಳಿದರು. ಕಾರಣವಿಲ್ಲದೆ ಸಾಧನ ಕೆಟ್ಟಿದ್ದಲ್ಲ, ರೋಗಿಯೇ ನಿಯಮ ಮೀರಿದ್ದು ಅಂತ ದಾಖಲೆಯಲ್ಲಿದೆ, ಅಂಥವರನ್ನು ಮತ್ತೆ ಸೇರಿಸಿಕೊಳ್ಳಲು ಬರುವುದಿಲ್ಲ ಅಂತ. ಭಾವ “ಹೌದ್ರಿ, ತಪ್ಪು ನಂದಾ ಐತ್ರಿ, ಆದ್ರೂ…” ಅಂದ. ಫೋನ್ ಕಟ್ಟಾದ ಮೇಲೂ ಕಿವಿಗೆ ಹಿಡಿದುಕೊಂಡೇ ಕೂತಿದ್ದ. ಜೀವಮಾನದಲ್ಲಿ ಯಾರ ಮುಂದೆಯೂ ‘ತಪ್ಪು ನಂದಾ’ ಅಂದವನಲ್ಲ ಅವನು. ನನ್ನ ತಪ್ಪನ್ನು ತನ್ನದು ಅಂದ.

ಒಂದು ವಾರ ಸುಮ್ಮನಿದ್ದೆ. ಸುಮ್ಮನಿರಬಹುದೇ ಅಂತ ನೋಡಿದೆ.

ಎಂಟನೆಯ ದಿನ ಬೆಳಿಗ್ಗೆ, ಗಿರಾಕಿಗಳು ಬರುವ ಮುಂಚೆ, ಅವನ ಕುರ್ಚಿಯ ಮುಂದೆ ನಿಂತು ಹೇಳಿದೆ. “ಭಾವ, ಒಳಗಿಂದು ಅವತ್ತು ಕೆಟ್ಟಿದ್ದಿಲ್ರಿ. ಗವುಸಿನ ಅಂಚಿನಾಗ ನಾನು ಒಂದು ಸುತ್ತು ಶಾರ್ಟ್ ಮಾಡಿ ಹೊಲಿದಿದ್ದೆ.”

ಅವನು ಹಲ್ಲು ಕಾಣುವ ಹಾಗೆ ನಕ್ಕ. “ಸುಳ್ಳು. ಅಷ್ಟು ತಲಿ ಎಲ್ಲೈತಲೇ ನಿಂಗ?”

ನಾನು ತಂತಿ ತೆಗೆದೆ. ಅವನ ಎದುರಿಗೇ ಕೂತು ಎಳೆ ಸೇರಿಸಿದೆ, ತುದಿ ಕೆರೆದೆ, ಬೆಸುಗೆ ಹಾಕಿದೆ, ತಟ್ಟಿದೆ. ಅವನು ನನ್ನ ಮುಖ ನೋಡಲಿಲ್ಲ, ಕೈಯನ್ನೇ ನೋಡುತ್ತಿದ್ದ. ಮುಗಿಯುವ ಹೊತ್ತಿಗೆ ನಗು ಹೋಗಿತ್ತು. ಬೈಯುತ್ತಾನೆ, ಸುತ್ತಿಗೆ ಎಸೆಯುತ್ತಾನೆ ಅಂದುಕೊಂಡಿದ್ದೆ. “ಗಂಗೀ!” ಅಂತ ಕೂಗಿದ. ಮನೆ ಅಂಗಡಿಯ ಹಿಂದೆಯೇ. ಅಕ್ಕ ಒದ್ದೆ ಕೈ ಒರೆಸಿಕೊಳ್ಳುತ್ತಾ ಬಂದಳು.

“ಹೇಳು. ನನ್ನ ಮುಂದ ಹೇಳಿದಂಗ ಆಕಿ ಮುಂದ ಹೇಳು.”

ಹೇಳಿದೆ. ಅಕ್ಕನಿಗೆ ತಂತಿಯ ವಿಷಯ ಅರ್ಧ ತಿಳಿಯಿತು, ಅರ್ಧ ಇಲ್ಲ. “ಅಂದ್ರ ಇವರು ಸುಟ್ಕಂಡಿದ್ದಲ್ಲ?” ಅಂತ ಕೇಳಿದಳು. “ಅಲ್ಲಕ್ಕಾ” ಅಂದೆ. ಆಕೆ ಗ್ರೀಸ್ ಮೆತ್ತಿದ ಮೆಟ್ಟಿಲ ಮೇಲೆ ಹಾಗೆಯೇ ಕೂತುಬಿಟ್ಟಳು.

“ನಾಕು ವರ್ಷ ನಾ ಇವರಿಗೆ ಅಂದಿದ್ದು… ದಿನಾ ಅಂದೀನಲ್ಲೋ… ಅದನ್ನೆಲ್ಲಾ ಈಗ ಯಾರು ನುಂಗಬೇಕು? ನೀನಾ? ನಾನಾ?”

“ನನ್ನ ಹೊಸ್ತಿಲ ತುಳೀಬ್ಯಾಡ” ಅಂದಳು. ಅಳಲಿಲ್ಲ. ಗಂಡನ ಮುಖ ನೋಡದೆ ಎದ್ದು ಒಳಗೆ ಹೋದಳು.

ಭಾವ ಹೇಳಿದ: “ಬರಿ. ಆ ಮೇಡಂಗ ಬರಿ. ಎಸ್ಸೆಸ್ಸೆಲ್ಸಿ ಪಾಸಾಗಿಯಲ್ಲ, ಬರ್ತೈತಲ್ಲ ನಿಂಗ ಬರಿಯಾಕ.”

ಅಲ್ಲೇ ನಿಂತು ಫೋನಿನಲ್ಲಿ ಒಂದೊಂದೇ ಅಕ್ಷರ ಒತ್ತಿದೆ. ಮುಗಿಯುವಷ್ಟರಲ್ಲಿ ಇಬ್ಬರು ಗಿರಾಕಿಗಳು ಬಂದು ವಾಪಸ್ ಹೋದರು. ಓದಿ ಹೇಳು ಅಂದ. ಓದಿದೆ. ಒಲೆಯ ಭಾಗಕ್ಕೆ ಬಂದಾಗ ಕೈ ಎತ್ತಿ ತಡೆದ.

“ಏನು? ಇನ್ನೊಂದ್ಸಲ ಓದು.”

“‘ಅವರು ಕೂಗಿದರು. ನಾನು ಒಲೆ ಆರಿಸಿದೆ.’”

“ಎರಡ ಸಲ ಕರದಿನಿ ನಿನ್ನ. ಹೆಸರು ಹಿಡದು.”

ಅವನಿಗೆ ಗೊತ್ತಿಲ್ಲ ಅಂದುಕೊಂಡಿದ್ದೆ. ಆ ನೋವಿನಲ್ಲಿ ಗೊತ್ತಾಗಿರಲಾರದು ಅಂತ. ನಿಮಗೂ ಮೇಲೆ ಹಾಗೆಯೇ ಬರೆದಿದ್ದೇನೆ — ಕೂಗಿದ, ಆರಿಸಿದೆ ಅಂತ. ಇಷ್ಟೆಲ್ಲ ಒಪ್ಪಿಕೊಂಡವನು ಅದೊಂದನ್ನು ಬಿಟ್ಟೆ. ನಡೆದದ್ದು ಇದು: ಅವನು “ಹುಲುಗಪ್ಪಾ” ಅಂತ ಕೂಗಿದ. ಹುಲುಗ್ಯಾ ಅನ್ನಲಿಲ್ಲ. ನನ್ನ ಬೆರಳು ಗುಂಡಿಯ ಮೇಲೆಯೇ ಇತ್ತು. ನಾನು ಒತ್ತಲಿಲ್ಲ. ಅವನನ್ನು ನೋಡುತ್ತಾ ನಿಂತೆ. ಎರಡನೇ ಸಲ ಕೂಗಿದ. ಆಗ ಒತ್ತಿದೆ. ಆ ಎರಡು ಕೂಗಿನ ನಡುವೆ ಏನು ಯೋಚಿಸಿದೆ ಅಂತ ಕೇಳಬೇಡಿ. ಏನೂ ಯೋಚಿಸಲಿಲ್ಲ. ಸಮಾಧಾನವಾಗಿತ್ತು.

“ಬರಿ ಅದನ್ನ” ಅಂದ. ಬರೆದೆ. ಕಳಿಸಿದೆ. ಅಂಗಡಿಯ ಕೀಲಿ ಕೈ ಅವನ ಮುಂದೆ ಇಟ್ಟು ಬಂದೆ. ಈಗ ಕುರೆಕುಪ್ಪದಲ್ಲಿ, ನನಗಿಂತ ಸಣ್ಣ ವಯಸ್ಸಿನ ಒಬ್ಬ ಮೇಸ್ತ್ರಿಯ ಕೈಕೆಳಗೆ ಕಾಯಿಲ್ ಸುತ್ತುತ್ತಿದ್ದೇನೆ.

ಮೇಡಂ ಮೂರು ದಿನಕ್ಕೆ ಉತ್ತರ ಬರೆದರು. ನಾನು ಖುದ್ದಾಗಿ ಬಂದು ಅವರ ಸಮಿತಿಯ ಮುಂದೆ ಹೇಳಿಕೆ ಕೊಟ್ಟು ಸಹಿ ಮಾಡಿದರೆ ಭಾವನ ದಾಖಲೆ ತಿದ್ದುತ್ತಾರೆ. ನರ ಎಷ್ಟು ಉಳಿದಿದೆ ಅಂತ ಆಮೇಲೆ ನೋಡಬೇಕು; ಏನೂ ಭರವಸೆ ಕೊಡಲಾರೆ ಅಂದಿದ್ದಾರೆ. ಕಾನೂನಿನ ಪ್ರಕಾರ ನನ್ನ ಮೇಲೆ ಏನು ಮಾಡಬೇಕೋ ಅದನ್ನೂ ಸಮಿತಿಯೇ ಯೋಚಿಸುತ್ತದಂತೆ. ಮಾಡಲಿ. ಭಾವನಿಗೆ ಫೋನ್ ಮಾಡಿ ಹೇಳಿದೆ. “ಸೋಮವಾರ ಹೋಗೂಣು. ಬಸ್ಸಿನಾಗ ನನ್ನ ಬಾಜು ಕುಂದ್ರಬ್ಯಾಡ” ಅಂದು ಇಟ್ಟ.

ಅವನನ್ನು ನಾನು ಇವತ್ತಿಗೂ ಇಷ್ಟಪಡುವುದಿಲ್ಲ. ಅವನು ನನ್ನನ್ನು ಕ್ಷಮಿಸುವುದೂ ಇಲ್ಲ. ಅವನು ನನ್ನಿಂದ ಕಿತ್ತುಕೊಂಡದ್ದು ಒಂದು ಪರೀಕ್ಷೆ, ಅದನ್ನು ಮರುವರ್ಷ ಬರೆದೆ. ನಾನು ಕಿತ್ತುಕೊಂಡ ಪಾದವನ್ನು ಅವನು ಯಾವ ವರ್ಷ ಬರೆಯಬೇಕು?

ಓದಿದವರಲ್ಲಿ ಯಾರಾದರೂ ನಿಮ್ಮ ಕಸುಬಿನ ಜಾಣತನದಿಂದಲೇ ಒಬ್ಬ ಮನುಷ್ಯನಿಗೆ ಕೇಡು ಮಾಡಿ, ಆಮೇಲೆ ಅವನ ಎದುರಿಗೆ ಹೋಗಿ ಹೇಳಿದ್ದರೆ, ದಯವಿಟ್ಟು ಬರೆಯಿರಿ. ಹೇಗೆ ಹೇಳಿದಿರಿ, ಹೇಳಿದ ಮೇಲೆ ಅವನ ಮನೆಯವರ ಮುಖ ಹೇಗೆ ನೋಡಿದಿರಿ ಅಂತ. ನನಗೆ ಸಮಾಧಾನ ಹೇಳಲು ಮಾತ್ರ ಯಾರೂ ಬರೆಯಬೇಡಿ. ಸೋಮವಾರ ಅದೇ ಬಸ್ಸಿನಲ್ಲಿ ನಾನೂ ಹೋಗುತ್ತಿದ್ದೇನೆ, ಹಿಂದಿನ ಸೀಟಿನಲ್ಲಿ.